ನ್ಯಾನೊಟ್ಯೂಬ್ ಹಾಕಿದ ಎಪಾಕ್ಸಿ: ಓಡಿಸಿದಾಗಲೆಲ್ಲ ವಿಸ್ಕಾಸಿಟಿ ಬೇರೆ ಯಾಕೆ?

ಪ್ರಶ್ನೆ: ಮೇಡಂ, ಎಪಾಕ್ಸಿ ರೆಸಿನ್‌ಗೆ ತೂಕದಲ್ಲಿ ಶೇ 0.3ರಷ್ಟು ಮಲ್ಟಿವಾಲ್ ಕಾರ್ಬನ್ ನ್ಯಾನೊಟ್ಯೂಬ್ (ಹಲವು ಪದರದ ಅತಿ ಸಣ್ಣ ಕಾರ್ಬನ್ ಕೊಳವೆ) ಬೆರೆಸಿ, ವಿಸ್ಕಾಸಿಟಿ, ಅಂದರೆ ಹರಿಯಲು ದ್ರವ ಒಡ್ಡುವ ತಡೆ, ಎಷ್ಟು ಅಂತ ರಿಯೋಮೀಟರ್‌ನಲ್ಲಿ ನೋಡ್ತಿದ್ದೀನಿ. ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಇನ್ನೂ ಹಾಕಿಲ್ಲ. ಬರೀ ರೆಸಿನ್ 25 ಡಿಗ್ರಿಯಲ್ಲಿ ಸುಮಾರು 10 ಪಾಸ್ಕಲ್-ಸೆಕೆಂಡ್, ಶಿಯರ್ ರೇಟ್ (ದ್ರವದ ಪದರಗಳು ಒಂದರ ಮೇಲೊಂದು ಜರುಗುವ ವೇಗ) ಎಷ್ಟಿದ್ದರೂ ಅಷ್ಟೇ. ಟ್ಯೂಬ್ ಹಾಕಿದ ಮೇಲೆ ಕಡಿಮೆ ರೇಟ್‌ನಲ್ಲಿ ಅದರ ಹತ್ತಾರು ಪಟ್ಟು ಬರುತ್ತೆ, ರೇಟ್ ಏರಿಸಿದರೆ ಬರೀ ರೆಸಿನ್ ಹತ್ತಿರಕ್ಕೇ ಇಳಿಯುತ್ತೆ. ಅದೇ ಸ್ಯಾಂಪಲ್ ಮತ್ತೆ ಓಡಿಸಿದರೆ ಕರ್ವ್ ಬೇರೆ. ಟ್ಯೂಬ್‌ಗಳು ಹರಿವಿನ ದಿಕ್ಕಿಗೆ ಸಾಲಾಗುವುದೇ ಕಾರಣ ಅಂತ ನಮ್ಮ ಗೈಡ್ ಹೇಳ್ತಾರೆ. ಮಷೀನ್ ಕ್ಯಾಲಿಬ್ರೇಷನ್ ಕೆಟ್ಟಿರಬಹುದಾ?

ಉತ್ತರ: ಬರೀ ರೆಸಿನ್‌ಗೆ ನೇರ ಗೆರೆ ಕೊಡುತ್ತಿರುವ ಮಷೀನ್ ಮೇಲೆ ಅನುಮಾನ ಬೇಡ. ನಿಮ್ಮ ಗೈಡ್ ಹೇಳಿದ್ದರಲ್ಲಿ ನಿಜ ಇದೆ, ಆದರೆ ಸಾಲಾಗುವುದರಿಂದ ಸಿಗುವ ಇಳಿಕೆ ಸಾಧಾರಣದ್ದು. ಹತ್ತಾರು ಪಟ್ಟಿನ ಇಳಿಕೆ ಬಂದರೆ ನಾನು ಮೊದಲು ಹುಡುಕುವುದು ಟ್ಯೂಬ್‌ಗಳ ಗಂಟುಗಳನ್ನು.

ಒಂದು ಲೆಕ್ಕ ನೋಡಿ. ತೂಕದ ಶೇ 0.3 ಅಂದರೆ ಗಾತ್ರದಲ್ಲಿ ಸುಮಾರು ಶೇ 0.2. ಅಷ್ಟೇ ಗಾತ್ರದ ದುಂಡು ಕಣಗಳಾಗಿದ್ದರೆ ಐನ್‌ಸ್ಟೈನ್ ಸೂತ್ರದ ಪ್ರಕಾರ ವಿಸ್ಕಾಸಿಟಿ ಶೇ 0.5 ಏರಬೇಕಿತ್ತು, ರಿಯೋಮೀಟರ್‌ನಲ್ಲಿ ಗೊತ್ತೇ ಆಗದಷ್ಟು. ಆದರೆ ಟ್ಯೂಬ್ 1 ಮೈಕ್ರಾನ್ ಉದ್ದ, 10 ನ್ಯಾನೊಮೀಟರ್ ದಪ್ಪ ಅಂದುಕೊಳ್ಳಿ. ಮೈಕ್ರಾನ್ ಅಗಲ, ಉದ್ದ, ಎತ್ತರದ ಒಂದೊಂದು ಡಬ್ಬಿಯಲ್ಲೂ ಇಂಥ 25 ಟ್ಯೂಬ್ ಇರುತ್ತವೆ. ಒಂದು ತಿರುಗಬೇಕಾದರೆ ಇನ್ನೊಂದಕ್ಕೆ ತಾಗಲೇಬೇಕು. ತಾಗಿದವು ವ್ಯಾನ್ ಡರ್ ವಾಲ್ಸ್ ಸೆಳೆತಕ್ಕೆ (ಅಣುಗಳ ನಡುವಿನ ದುರ್ಬಲ ಆಕರ್ಷಣೆ) ಅಂಟಿಕೊಳ್ಳುತ್ತವೆ, ನೂಲಿನುಂಡೆಯ ಹಾಗೆ ಸಿಕ್ಕಾಗುತ್ತವೆ. ಉಂಡೆಯೊಳಗೆ ಸಿಕ್ಕಿಬಿದ್ದ ರೆಸಿನ್ ಹರಿಯುವುದಿಲ್ಲ, ಅದೂ ಘನವಸ್ತುವಿನ ಲೆಕ್ಕಕ್ಕೇ ಸೇರುತ್ತೆ. ಕಡಿಮೆ ರೇಟ್‌ನಲ್ಲಿ ವಿಸ್ಕಾಸಿಟಿ ಅಷ್ಟು ಏರುವುದು ಅದಕ್ಕೇ. ರೇಟ್ ಏರಿಸಿದರೆ ಗಂಟು ಒಡೆಯುತ್ತೆ, ಒಳಗಿನ ರೆಸಿನ್ ಬಿಡುಗಡೆಯಾಗುತ್ತೆ.

ನಂಬಿಕೆ ಬಾರದಿದ್ದರೆ ಒಂದು ಹನಿಯನ್ನು ಎರಡು ಗಾಜಿನ ನಡುವೆ ಇಟ್ಟು, ನಿಧಾನವಾಗಿ ಜರುಗಿಸುತ್ತಾ ಸಾಮಾನ್ಯ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಬಿಡಿ ಟ್ಯೂಬ್ ಕಾಣಲ್ಲ, ಗಂಟುಗಳು ಕಪ್ಪಗೆ ಕಾಣುತ್ತವೆ. ನಿಧಾನದ ಶಿಯರ್‌ನಲ್ಲಿ ಚಿಕ್ಕವು ಸೇರಿ ದೊಡ್ಡವಾಗುತ್ತವೆ. ಕೆಲವು ಸಲ ಹರಿವಿಗೆ ಅಡ್ಡಲಾಗಿ ಉರುಳೆಗಳಂತೆ ಸಾಲುಗಟ್ಟುವುದೂ ಉಂಟು. ಅಂದರೆ ಅಳೆಯುವ ಕೆಲಸವೇ ಸ್ಯಾಂಪಲ್ಲನ್ನು ಬದಲಾಯಿಸುತ್ತಿದೆ. ಎರಡನೇ ಸಲ ಕರ್ವ್ ಬೇರೆ ಬರದಿದ್ದರೇ ನನಗೆ ಆಶ್ಚರ್ಯ.

ಹಾಗಾಗಿ ಪ್ರತಿ ಸಲವೂ ಮೊದಲು ಜೋರು ಶಿಯರ್ ಕೊಟ್ಟು ಹಳೆಯದನ್ನು ಅಳಿಸಿ, ನಿಗದಿಯಾದಷ್ಟೇ ಹೊತ್ತು ಬಿಟ್ಟು, ಮೇಲಿನ ರೇಟ್‌ನಿಂದ ಕೆಳಗೆ ಬನ್ನಿ. ಒಂದೊಂದು ರೇಟ್‌ನಲ್ಲೂ ರೀಡಿಂಗ್ ನಿಲ್ಲುವವರೆಗೆ ಕಾಯಿರಿ. ಇಷ್ಟು ಗಟ್ಟಿ ರೆಸಿನ್‌ನಲ್ಲಿ ಮೈಕ್ರಾನ್ ಉದ್ದದ ಟ್ಯೂಬ್ ಸಾಲು ತಪ್ಪಿ ತಾನಾಗಿ ದಿಕ್ಕು ಮರೆಯಲು ನಿಮಿಷಗಳೇ ಬೇಕು, ಗಂಟು ಮತ್ತೆ ಕಟ್ಟಿಕೊಳ್ಳಲು ಇನ್ನೂ ಹೆಚ್ಚು. ಪ್ಲೇಟ್‌ಗಳ ಅಂತರ ಅತಿ ದೊಡ್ಡ ಗಂಟಿನ ಹತ್ತು ಪಟ್ಟಾದರೂ ಇರಲಿ.

ಇನ್ನೊಬ್ಬರ ಪ್ರಶ್ನೆ: ಸೋನಿಕೇಷನ್ (ಶ್ರವಣಾತೀತ ಶಬ್ದದಿಂದ ಗಂಟು ಬಿಡಿಸುವುದು) ಇನ್ನಷ್ಟು ಹೊತ್ತು ಮಾಡಿದೆವು, ವಿಸ್ಕಾಸಿಟಿ ಇಳಿಯಿತು. ಡಿಸ್ಪರ್ಷನ್, ಅಂದರೆ ಟ್ಯೂಬ್‌ಗಳು ಬಿಡಿಬಿಡಿಯಾಗಿ ಹರಡುವುದು, ಚೆನ್ನಾಗಾಯಿತು ಅಂತ ತಾನೆ?

ಉತ್ತರ: ಅಷ್ಟು ಬೇಗ ಖುಷಿಪಡಬೇಡಿ. ಸೋನಿಕೇಷನ್ ಟ್ಯೂಬನ್ನೇ ತುಂಡು ಮಾಡುತ್ತೆ. ಗಿಡ್ಡ ಟ್ಯೂಬ್‌ಗಳು ಒಂದಕ್ಕೊಂದು ತಾಗುವುದು ಕಡಿಮೆ, ವಿಸ್ಕಾಸಿಟಿ ಅದಕ್ಕೂ ಇಳಿಯುತ್ತೆ. ಜತೆಗೆ ವಿದ್ಯುತ್ ವಾಹಕತೆಯೂ ಹೋಗಬಹುದು. ಉದ್ದ ಅಳೆಯದೆ ತೀರ್ಮಾನಕ್ಕೆ ಬರಬೇಡಿ. ಥ್ರೀ-ರೋಲ್ ಮಿಲ್ (ಮೂರು ಉರುಳೆಗಳ ನಡುವೆ ಅರೆಯುವ ಯಂತ್ರ) ಸಿಕ್ಕರೆ ನನ್ನ ಮತ ಅದಕ್ಕೇ.

ಮೊದಲ ಪ್ರಶ್ನೆ ಕೇಳಿದವರು: ಈ ಮಿಶ್ರಣವನ್ನು ಮುಂದೆ ವ್ಯಾಕ್ಯೂಮ್ ಇನ್‌ಫ್ಯೂಷನ್‌ಗೆ (ನಿರ್ವಾತದಿಂದ ರೆಸಿನ್ನನ್ನು ನಾರಿನ ಬಟ್ಟೆಯೊಳಗೆ ಎಳೆಸುವುದು) ಬಳಸಬೇಕು. 60 ಡಿಗ್ರಿಗೆ ಬಿಸಿ ಮಾಡಿದರೆ ಸಾಕಾ?

ಉತ್ತರ: ರೆಸಿನ್ ತೆಳುವಾಗುತ್ತೆ, ಸರಿ. ಆದರೆ ತೆಳುವಾದ ರೆಸಿನ್‌ನಲ್ಲಿ ಟ್ಯೂಬ್‌ಗಳ ಓಡಾಟವೂ ಸಲೀಸು, ಮತ್ತೆ ಗಂಟು ಕಟ್ಟುವುದು ಬೇಗ. ಇನ್ನೊಂದು ತೊಡಕು: ರೆಸಿನ್ ಮುಂದಕ್ಕೆ ಹೋದಂತೆ ವೇಗ ಕುಗ್ಗುತ್ತೆ, ಶಿಯರ್ ರೇಟ್ ಇಳಿಯುತ್ತೆ, ನಿಮ್ಮ ಕರ್ವ್ ಪ್ರಕಾರ ಆಗಲೇ ವಿಸ್ಕಾಸಿಟಿ ಏರುವುದು. ಬಟ್ಟೆಯ ಎಳೆಗಳು ಗಂಟುಗಳನ್ನು ಸೋಸಿ ಒಳಬಾಗಿಲಲ್ಲೇ ನಿಲ್ಲಿಸುತ್ತವೆ. ಹಾರ್ಡನರ್ ಸೇರಿಸಿದ ಮೇಲೆ ಬಿಸಿಯಲ್ಲಿ ಕೆಲಸದ ಸಮಯವೂ ಕಡಿಮೆಯಾಗುತ್ತೆ. ಮೇಲ್ಮೈಗೆ ರಾಸಾಯನಿಕ ಗುಂಪು ಜೋಡಿಸಿದ ಟ್ಯೂಬ್ ತರಿಸಿ ಇದೇ ಪರೀಕ್ಷೆ ಮಾಡಿ, ಅವು ಗಂಟು ಕಟ್ಟುವುದು ಕಡಿಮೆ. ಅದರಲ್ಲಿ ಇಳಿಕೆ ಮೆಲ್ಲಗಿದ್ದರೆ ಗೈಡ್ ಹೇಳಿದ ಸಾಲುಗಟ್ಟುವಿಕೆ ಅಲ್ಲಿ ನಿಮಗೆ ಸಿಗುತ್ತೆ. ಎರಡೂ ಕರ್ವ್ ಇಲ್ಲಿ ಹಾಕಿ, ನೋಡೋಣ.