ಫ್ರೆಟ್‌ಲೆಸ್ ಬಾಸ್ ನೆಕ್‌ಗೆ ವೆಂಗೆಯೋ, ಬೀಟೆಯೋ?

ಪ್ರಶ್ನೆ (ಬದಿಯಡ್ಕದಿಂದ)

ನಾಲ್ಕು ತಂತಿ, 34 ಇಂಚು ಸ್ಕೇಲಿನ (ನುಡಿಯುವ ತಂತಿಯ ಉದ್ದ) ಫ್ರೆಟ್‌ಲೆಸ್ ಬಾಸ್, ಅಂದರೆ ಸ್ವರದ ಲೋಹದ ಪಟ್ಟಿಗಳಿಲ್ಲದ ಬಾಸ್ ಗಿಟಾರ್ ಮಾಡಿಸುತ್ತಿದ್ದೇನೆ. ಹಲಸಿನ ಬಾಡಿ ತಯಾರಾಗಿದೆ, ನೆಕ್ (ಉದ್ದ ಕತ್ತು) ಬೋಲ್ಟ್ ಹಾಕಿ ಕೂರಿಸುವಂಥದ್ದು. ವೆಂಗೆ (ಆಫ್ರಿಕಾದ ಕಡುಗಂದು ಮರ), ಹಾರ್ಡ್ ಮೇಪಲ್, ನಮ್ಮ ಬೀಟೆ, ಇವುಗಳಲ್ಲಿ ಯಾವುದು ಒಳ್ಳೆಯದು? ನೆಕ್ಕೂ ಹಲಸಿನದ್ದೇ ಆದರೆ? ಆಟಿಯ ಮಳೆಗೆ ಬಾಗಬಾರದು, ಅದೇ ಮುಖ್ಯ. ಫಿಂಗರ್‌ಬೋರ್ಡ್ (ಬೆರಳು ಒತ್ತುವ ಹಲಗೆ) ಎಬನಿ, ತಂತಿ ರೌಂಡ್‌ವೌಂಡ್ (ಉರುಟು ಸರಿಗೆ ಸುತ್ತಿದ, ಒರಟು ಮೈಯದ್ದು) ಎಂದುಕೊಂಡಿದ್ದೇನೆ.

ಉತ್ತರ (ಕುಂಬಳೆಯಿಂದ)

ಹಲಸು ನೆಕ್‌ಗೆ ಬೇಡ. ವೀಣೆಗೆ, ಮೃದಂಗಕ್ಕೆ ಅದು ಒಪ್ಪುವ ಮರ, ಆದರೆ 45–105 ಗೇಜಿನ (0.045ರಿಂದ 0.105 ಇಂಚು ದಪ್ಪದ) ಬಾಸ್ ತಂತಿಗಳು ಒಟ್ಟಿಗೆ ಸುಮಾರು 80 ಕೆಜಿ ಎಳೆಯುತ್ತವೆ. ಅಷ್ಟು ಸಪೂರ ನೆಕ್‌ನಲ್ಲಿ ಅದು ತಾಳುವುದಿಲ್ಲ.

ಬೀಟೆ ಗಟ್ಟಿ, ನೋಡಲೂ ಚಂದ. ಆದರೆ ಬಾಗಬಾರದೆಂದರೆ ಇಡೀ ನೆಕ್ ಒಂದೇ ತುಂಡಿನದ್ದು ಬೇಡ. ಮೂರು ಪಟ್ಟಿ ಅಂಟಿಸಿ: ನಡುವೆ 20 ಮಿ.ಮೀ. ಮೇಪಲ್, ಎರಡೂ ಬದಿಗೆ 40 ಮಿ.ಮೀ. ವೆಂಗೆ. ಒಟ್ಟು ಹಲಗೆ 900 × 100 × 25 ಮಿ.ಮೀ. ಎರಡು ವೆಂಗೆ ಪಟ್ಟಿಗಳೂ ಒಂದೇ ಹಲಗೆಯಿಂದ ಬರಲಿ, ಒಂದನ್ನು ಮಗುಚಿ ಅಂಟಿಸಿ. ಆಗ ಒಂದರ ಬಾಗು ಇನ್ನೊಂದನ್ನು ತಡೆಯುತ್ತದೆ. ಟ್ರಸ್ ರಾಡಿನ (ನೆಕ್‌ನ ಬಾಗು ಸರಿಪಡಿಸಲು ಒಳಗೆ ಕೂರಿಸುವ ಲೋಹದ ಸರಳು) ಗಾಡಿ, ಅಂದರೆ ಅದು ಕೂರುವ ಉದ್ದ ತೋಡು, ಮೇಪಲ್ ಒಳಗೇ ಬೀಳಲಿ.

ಮರದ ಹೆಸರಿಗಿಂತ ಎಳೆ ನೋಡಿ. ತುದಿಯಿಂದ ನೋಡಿದರೆ ಉಂಗುರದ ಗೆರೆಗಳು ನೆಟ್ಟಗೆ ನಿಂತಿರಬೇಕು. ಬದಿಯಲ್ಲಿ ಎಳೆ ಉದ್ದಕ್ಕೂ ಓಡಬೇಕು, ಹಿಂಬದಿಗೆ ಇಳಿದುಹೋಗಬಾರದು. ವೆಂಗೆ, ಬೀಟೆಯಲ್ಲಿ ಬಿಳಿ ಭಾಗ ಬಿಟ್ಟು ಚೇಗು (ಒಳಗಿನ ಗಟ್ಟಿ ತಿರುಳು) ಮಾತ್ರ ತೆಗೆದುಕೊಳ್ಳಿ. ಬೀಟೆ ಕೊಳ್ಳುವುದಾದರೆ ಖರೀದಿಯ ರಸೀದಿ ಇರಲಿ.

ಇನ್ನು ಒಣಗುವಿಕೆ. ತೇವಾಂಶ 8–10 ಶೇಕಡಾ ಇರಬೇಕು. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಮರ ಅದಕ್ಕಿಂತ ತುಂಬ ಮೇಲೆ ಹೋಗುತ್ತದೆ. ತುದಿಗಳಿಗೆ ಮೇಣ ಹಚ್ಚಿ, ಡಿಹ್ಯುಮಿಡಿಫೈಯರ್ ಇರುವ ಕೋಣೆಯಲ್ಲಿ ಇಡಿ. ವಾರಕ್ಕೊಮ್ಮೆ ತೂಗಿ, ಮೂರು ವಾರ ತೂಕ ಬದಲಾಗದಿದ್ದರೆ ಮಾತ್ರ ಕೀಸುಳಿ ಹಿಡಿಯಿರಿ. ಮೊದಲು 3 ಮಿ.ಮೀ. ಹೆಚ್ಚು ಬಿಟ್ಟು ಕೊಯ್ದು, ಎರಡು ವಾರ ಸುಮ್ಮನಿಟ್ಟು, ಆಮೇಲೆ ಅಳತೆಗೆ ತನ್ನಿ. ಕೊಯ್ದ ಕೂಡಲೇ ತಿರುಚುವ ಹಲಗೆ ಈ ಹಂತದಲ್ಲೇ ಗೊತ್ತಾಗುತ್ತದೆ.

ವೆಂಗೆಯ ಸಿಬಿರು ಚುಚ್ಚಿದರೆ ಕೀವಾಗುತ್ತದೆ. ಧೂಳಿಗೆ ಎನ್95 ಮಾಸ್ಕ್ ಹಾಕಿಯೇ ಉಜ್ಜಿ.

ಉತ್ತರ (ಉಪ್ಪಳದಿಂದ)

ಪಟ್ಟಿಯ ಲೆಕ್ಕ ಸರಿ. ಗಾಡಿಯ ಆಳದ ಬಗ್ಗೆ ಒಂದು ಮಾತು. ಒಂದನೇ ಫ್ರೆಟ್ ಜಾಗದಲ್ಲಿ ನೆಕ್ 21 ಮಿ.ಮೀ. ದಪ್ಪ, ಅದರಲ್ಲಿ ಬೋರ್ಡ್ 7. ಉಳಿದ 14ರಲ್ಲಿ 9.5 ಆಳ ತೆಗೆದರೆ ಹಿಂದೆ 4.5 ಉಳಿಯುತ್ತದೆ, ಅದಕ್ಕಿಂತ ಕಡಿಮೆ ಬೇಡ. ರಾಡು ಕೈಗೆ ಬಂದ ಮೇಲೆಯೇ ಗಾಡಿ ತೆಗೆಯಿರಿ, ಒಂದೊಂದು ರಾಡಿನ ಅಳತೆ ಒಂದೊಂದು.

ಬೋರ್ಡ್ ಅಂಟಿಸಲು ನೀರು ಬೆರೆತ ಬಿಳಿ ಅಂಟು ಬಳಸಬೇಡಿ. ಬೋರ್ಡಿನ ಅಡಿಭಾಗ ನೀರು ಕುಡಿದು ಉಬ್ಬುತ್ತದೆ, ಮರುದಿನ ಕ್ಲಾಂಪ್ ತೆಗೆದಾಗ ನೆಕ್ ಹಿಂದಕ್ಕೆ ಬಾಗಿರುತ್ತದೆ. ನಿಧಾನವಾಗಿ ಗಟ್ಟಿಯಾಗುವ ಇಪಾಕ್ಸಿ ಹಾಕಿ. ಎಣ್ಣೆಯಂಶದ ಮರವಾದರೆ ಅಂಟಿಸುವ ಸ್ವಲ್ಪ ಮೊದಲು ಅಸಿಟೋನ್‌ನಲ್ಲಿ ಒರೆಸಿ.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ರೌಂಡ್‌ವೌಂಡ್ ಎಬನಿಯನ್ನು ತಿನ್ನುತ್ತದೆಯೇ? ಬೋರ್ಡಿನಲ್ಲಿ ಫ್ರೆಟ್ ಇರಬೇಕಿದ್ದ ಜಾಗ ತೋರಿಸುವ ಗೆರೆ ಹಾಕಿಸುವುದೋ ಬೇಡವೋ?

ಉತ್ತರ (ಉಪ್ಪಳದಿಂದ)

ತಿನ್ನುತ್ತದೆ, ಬೀಟೆಗಿಂತ ನಿಧಾನವಾಗಿ. ಫ್ರೆಟ್ ಇಲ್ಲದ ಕಡೆ ತಂತಿ ನೇರ ಮರದ ಮೇಲೆಯೇ ಉಜ್ಜುತ್ತದಲ್ಲ. ಅಮೆರಿಕದ ಬಾಸ್ ವಾದಕ ಜಾಕೊ ಪಾಸ್ಟೋರಿಯಸ್ ತನ್ನ ಫೆಂಡರ್ ಜಾಝ್ ಬಾಸಿನ ಬೋರ್ಡಿಗೆ ದೋಣಿಗೆ ಬಳಿಯುವ ಇಪಾಕ್ಸಿ ಹಚ್ಚಿದ್ದು ಈ ಕಾರಣಕ್ಕೇ. ಮರದ ಸ್ವರವೇ ಬೇಕಾದರೆ ಬೋರ್ಡ್ ಬರಿದಾಗಿ ಬಿಟ್ಟು ಫ್ಲಾಟ್‌ವೌಂಡ್ (ನುಣುಪು ಮೈಯ ತಂತಿ) ಹಾಕಿ. 7 ಮಿ.ಮೀ. ದಪ್ಪ ಇಟ್ಟರೆ ಸವೆದಾಗ ಮತ್ತೆ ಉಜ್ಜಿ ಸಮ ಮಾಡಲು ಜಾಗವಿರುತ್ತದೆ.

ಗೆರೆ ಹಾಕಿಸಿ. 0.6 ಮಿ.ಮೀ. ಗರಗಸದ ಸೀಳಿಗೆ ಅದೇ ದಪ್ಪದ ಮೇಪಲ್ ವೆನೀರ್ (ತೆಳು ಮರದ ಹಾಳೆ) ತುಂಬಿದರೆ ಸಾಕು. ಮೊದಲ ಗೆರೆ ನಟ್‌ನಿಂದ (ತಲೆಭಾಗದ ಹತ್ತಿರ ತಂತಿ ಕೂರುವ ಸಣ್ಣ ಪಟ್ಟಿ) 48.5 ಮಿ.ಮೀ., ಹನ್ನೆರಡನೆಯದು 432. ಬೆರಳು ಗೆರೆಯ ಮೇಲೆಯೇ ಬೀಳಬೇಕು, ಫ್ರೆಟ್ಟಿನ ಹಾಗೆ ಹಿಂದೆ ಅಲ್ಲ.

ಉತ್ತರ (ಕುಂಬಳೆಯಿಂದ)

ನಟ್ ಕೊರೆಯುವವರಿಗೆ ಇದು ಫ್ರೆಟ್‌ಲೆಸ್ ಎಂದು ಮೊದಲೇ ಹೇಳಿ. ನಟ್ ಬಳಿ ತಂತಿ ಬೋರ್ಡಿನಿಂದ ಒಂದು ವಿಸಿಟಿಂಗ್ ಕಾರ್ಡಿನಷ್ಟು, ಅಂದರೆ 0.3 ಮಿ.ಮೀ. ಮಾತ್ರ ಮೇಲಿರಬೇಕು. ಫ್ರೆಟ್ ಇರುವ ಬಾಸಿನ ಅಳತೆಗೆ ಕೊರೆದರೆ ಮೊದಲ ಎರಡು ಗೆರೆಗಳಲ್ಲಿ ಸ್ವರ ಏರಿಯೇ ಕೇಳುತ್ತದೆ, ಬೆರಳೂ ನೋಯುತ್ತದೆ.