ಸಹಾಯ ಬೇಕು: ಕಿಡ್ನಿ ಕೊಡೋ ಚಿಕ್ಕಮ್ಮ ಕಾಸರಗೋಡಲ್ಲಿದ್ದಾರೆ, ಫಾರ್ಮ್ 20 (ವಾಸಸ್ಥಳ ದೃಢೀಕರಣ ಪತ್ರ) ಎಲ್ಲಿ ಮಾಡಿಸೋದು?

ರೋಗಿಯದು ಓ ಗುಂಪು, ವಾರಕ್ಕೆ ಮೂರು ಡಯಾಲಿಸಿಸ್, ಕಸಿ ಬೆಂಗಳೂರಲ್ಲಿ. ತಾಯಿಯದು ಬಿ, ಹೊಂದಲಿಲ್ಲ. ಸ್ವಾಪ್‌ಗೆ (ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳೋದು) ಹೆಸರು ಕೊಟ್ಟಾಯ್ತು, ಆದರೆ ಓ ರೋಗಿಗೆ ಜೋಡಿ ಸಿಗೋದು ಬಹಳ ಕಷ್ಟ. ಚಿಕ್ಕಮ್ಮನದು ಓ, ಕ್ರಾಸ್‌ಮ್ಯಾಚ್ ನೆಗೆಟಿವ್, ಅಂದ್ರೆ ರೋಗಿಯ ರಕ್ತದಲ್ಲಿ ಅವರ ಕಿಡ್ನಿಗೆ ವಿರೋಧ ಕಂಡಿಲ್ಲ. ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿ ಹತ್ತಿರದ ಸಂಬಂಧಿಗಳ ಪಟ್ಟಿಗೆ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು, ಚಿಕ್ಕಮ್ಮನನ್ನು ಸೇರಿಸಲೇ ಇಲ್ಲ (ಸೇರಿಸಬೇಕಿತ್ತು). ಹಾಗಾಗಿ ಫಾರ್ಮ್ 3 (ದಾನಿಯ ಒಪ್ಪಿಗೆ), ಫಾರ್ಮ್ 11 (ದಾನಿ-ರೋಗಿ ಜಂಟಿ ಅರ್ಜಿ) ತುಂಬಿ, ಇಂಥ ದಾನಕ್ಕೆ ಅನುಮತಿ ಕೊಡೋ ಆಥರೈಸೇಶನ್ ಕಮಿಟಿ ಮುಂದೆ ಹೋಗಬೇಕು. ವಂಶವೃಕ್ಷ, ಅಕ್ಕತಂಗಿಯರ ಹಳೇ ಮದುವೆ ಫೋಟೊ ಎಲ್ಲಾ ಸಿದ್ಧ.

ಸಿಕ್ಕಿಹಾಕಿಕೊಂಡಿರೋದು ವಿಳಾಸದಲ್ಲಿ. ದಾನಿ ಬೇರೆ ರಾಜ್ಯದವರಾದರೆ ತಹಶೀಲ್ದಾರರ ಫಾರ್ಮ್ 20 ಬೇಕು. ಚಿಕ್ಕಮ್ಮನ ವೋಟರ್ ಐಡಿ, ರೇಷನ್ ಕಾರ್ಡ್ ಕಾಸರಗೋಡಿನವು; ಆಧಾರ್‌ನಲ್ಲಿ ಮಾತ್ರ ಇನ್ನೂ ಪುತ್ತೂರಿನ ತವರುಮನೆ.

ಮೊದಲು ಆಧಾರ್ ವಿಳಾಸ ಬದಲಿಸಿ ಆಮೇಲೆ ಕಾಸರಗೋಡಿನಲ್ಲಿ ಫಾರ್ಮ್ 20 ಮಾಡಿಸಬೇಕಾ, ಅಥವಾ ವೋಟರ್ ಐಡಿ, ರೇಷನ್ ಕಾರ್ಡ್ ಮೇಲೇ ಕೊಡ್ತಾರಾ? ಇತ್ತೀಚೆಗೆ ಮಾಡಿಸಿದವರು ದಯವಿಟ್ಟು ತಿಳಿಸಿ.