ಸಾಹೇಬರ ಶುಭೋದಯಕ್ಕೆ ಎಷ್ಟು ಕೈ ಮುಗಿಯಬೇಕು?

ಶನಿವಾರದ ಬೆಳಗಿನ ಶಾಲೆ ಮುಗಿಸಿ ಕೊಡಗಿನ ಗೋಣಿಕೊಪ್ಪದ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ನನ್ನ ಬಸ್ಸು ಕಣ್ಣೆದುರಿಗೇ ಹೊರಟುಹೋಯಿತು. ಮುಂದಿನದಕ್ಕೆ ಒಂದೂಕಾಲು ಗಂಟೆ ಕಾಯಬೇಕು. ಸೆಪ್ಟೆಂಬರ್ ಬಂದರೂ ಮಳೆಗೆ ಮನೆಗೆ ಹೋಗುವ ಮನಸ್ಸಿರಲಿಲ್ಲ. ಇಂಥ ಹೊತ್ತಿಗೆಂದೇ ಎದುರುಗಡೆ ಒಂದು ಹೋಟೆಲಿದೆ. ಒಳಗೆ ಹೋದರೆ ಮೂಲೆಯ ಮೇಜಿನಲ್ಲಿ ನಮ್ಮ ಪರಿಷತ್ತು ಆಗಲೇ ಸೇರಿತ್ತು: ಗಣಿತದ ಮೇಷ್ಟ್ರು, ಹಿಂದಿ ಟೀಚರ್, ಪಿ.ಟಿ. ಮಾಸ್ಟರ್. ಜೊತೆಗೆ, ನಿವೃತ್ತರಾಗಿ ಎರಡು ವರ್ಷ ಕಳೆದರೂ ಶನಿವಾರದ ಕಾಫಿ ತಪ್ಪಿಸದ ಹಳೆಯ ಹೆಡ್‌ಮಾಸ್ಟರು. ಐದು ಜನ ಐದು ಸರ್ಕಾರಿ ಶಾಲೆಗಳವರು. ನಮ್ಮನ್ನು ಒಂದುಗೂಡಿಸಿರುವುದು ಎರಡೇ: ಈ ಬಸ್ ನಿಲ್ದಾಣ ಮತ್ತು ನಮ್ಮ ಮೇಲಿನ ಸಾಹೇಬರು ನಡೆಸುವ ವಾಟ್ಸಾಪ್ ಗುಂಪು.

ಬೆಲ್ಲದ ಕಾಫಿ ಬರುವ ಮೊದಲೇ ಗಣಿತದ ಮೇಷ್ಟ್ರು ಲೆಕ್ಕ ಒಪ್ಪಿಸಿದರು. "ಈ ತಿಂಗಳು ಇಲ್ಲಿಯವರೆಗೆ ಸಾಹೇಬರು ಹಾಕಿದ ಸಂದೇಶ ನಲವತ್ತೊಂದು. ಅದರಲ್ಲಿ ದೇವರು ಮೂವತ್ತಮೂರು, ಸುಭಾಷಿತ ನಾಲ್ಕು, ಇಲಾಖೆಯದು ನಾಲ್ಕು."

"ಮೂವತ್ತಮೂರು ದೇವರುಗಳಿಗೂ ಕೈ ಮುಗಿದಿರಾ?" ಎಂದು ಹಿಂದಿ ಟೀಚರ್ ಕೇಳಿದರು.

"ಮೂವತ್ತೆರಡಕ್ಕೆ ಮುಗಿದೆ. ಒಂದು ದಿನ ಕರೆಂಟು ಇರಲಿಲ್ಲ."

ವಿಷಯ ಅರಿಯದವರಿಗೆ ಒಂದು ಮಾತು. ಬೆಳಗಿನ ಐದು ಗಂಟೆಗೆ ಸಾಹೇಬರು ಗುಂಪಿಗೆ ಒಂದು ದೇವರ ಚಿತ್ರ ಹಾಕುತ್ತಾರೆ. ಸೋಮವಾರ ಶಿವ, ಮಂಗಳವಾರ ದೇವಿ, ಗುರುವಾರ ರಾಯರು, ಶನಿವಾರ ಆಂಜನೇಯ. ವೇಳಾಪಟ್ಟಿ ನಮ್ಮ ಶಾಲೆಗಳಲ್ಲಿ ಕೂಡ ಇಷ್ಟು ಚಾಚೂ ತಪ್ಪದೆ ನಡೆಯುವುದಿಲ್ಲ. ಚಿತ್ರದ ಕೆಳಗೆ ಗುಲಾಬಿ, ಅದರ ಕೆಳಗೆ ದೀಪ, ಅದರ ಕೆಳಗೆ "ಇದನ್ನು ಹನ್ನೊಂದು ಜನರಿಗೆ ಕಳುಹಿಸಿದರೆ ಸಂಜೆಯೊಳಗೆ ಶುಭ ಸುದ್ದಿ". ಐದು ಗಂಟೆ ಒಂದು ನಿಮಿಷಕ್ಕೆ ಮೊದಲ ಕೈಮುಗಿತ ಬೀಳುತ್ತದೆ. ಅದು ಯಾರದೆಂದು ಎಲ್ಲರಿಗೂ ಗೊತ್ತು, ಆ ಮಹಾನುಭಾವರಿಗೆ ವರ್ಗಾವಣೆ ಬೇಕಾಗಿದೆ. ಆರೂವರೆಯ ಹೊತ್ತಿಗೆ ಎಂಬತ್ತು ಚಿಲ್ಲರೆ ಸದಸ್ಯರ ಗುಂಪಿನಲ್ಲಿ ಅರವತ್ತು ಜೋಡಿ ಹಸ್ತಗಳು ಸಾಲಾಗಿ ನಿಂತಿರುತ್ತವೆ. ಉಳಿದ ಇಪ್ಪತ್ತರಲ್ಲಿ ಹತ್ತು ಜನರ ಊರಿನಲ್ಲಿ ನೆಟ್‌ವರ್ಕ್ ಇಲ್ಲ. ಇನ್ನು ಹತ್ತು ಜನರನ್ನು ಸಾಹೇಬರು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ ಎಂಬುದು ನಮ್ಮೆಲ್ಲರ ಅಂಬೋಣ. ಸಾಹೇಬರು ಹಾಗೆಂದು ಎಂದೂ ಹೇಳಿಲ್ಲ. ಹೇಳದೆಯೇ ಅರ್ಥವಾಗುವುದು ಸರ್ಕಾರಿ ನೌಕರಿಯ ಮೊದಲ ಪಾಠ.

ಈ ಭಕ್ತಿಯಿಂದ ನನಗೆ ಬಂದ ಫಲವನ್ನೂ ಹೇಳಿಬಿಡುತ್ತೇನೆ. ಜುಲೈ ತಿಂಗಳು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ, ಕಾಫಿ ಒಣಗಿಸುವ ಕಣದ ಮೂಡಣ ಮೂಲೆಯಲ್ಲಿ. ಬೆಳಿಗ್ಗೆ ಆರಕ್ಕೆ ಕೊಡೆ ಹಿಡಿದು ಅಲ್ಲಿ ನಿಂತೆ. ದೇವರು ಮೊದಲು ಕಿರೀಟ, ಆಮೇಲೆ ಮುಖ, ಆಮೇಲೆ ಹಾರ ಎಂದು ಇಳಿದು ಬರಲು ನಾಲ್ಕು ನಿಮಿಷ ಹಿಡಿಯಿತು. ಕೈ ಮುಗಿದೆ, ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೊರಟೆ. ತೋಟದ ನಡುವೆ ಎರಡು ಕಿಲೋಮೀಟರ್ ನಡಿಗೆ. ತೊರೆ ದಾಟುವಾಗ ಒಂದು ಚಪ್ಪಲಿಯನ್ನು ನೀರಿಗೆ ಅರ್ಪಿಸಿದೆ. ಶಾಲೆಗೆ ಹೋದರೆ ಗೇಟಿಗೆ ಬೀಗ. ಬಿಸಿಯೂಟದ ಅಕ್ಕ ಬೇಲಿಯ ಆಚೆಯಿಂದ, "ಸರ್, ಇವತ್ತು ಮಳೆ ರಜೆಯಲ್ಲವೇ?" ಎಂದರು. ರಜೆಯ ಆದೇಶ ಹಿಂದಿನ ರಾತ್ರಿ ಒಂಬತ್ತೂವರೆಗೇ ಗುಂಪಿಗೆ ಬಂದಿತ್ತು. ಅರವತ್ತು ಜೋಡಿ ಕೈಗಳ ಅಡಿಯಲ್ಲಿ ಅದು ಎಲ್ಲಿ ಹೂತುಹೋಗಿತ್ತೋ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಜಗಲಿಯಲ್ಲಿ ಕುಳಿತು ಪ್ಯಾಂಟು ಮಡಚಿದರೆ ಎಡಗಾಲಿನಲ್ಲಿ ಮೂರು, ಬಲಗಾಲಿನಲ್ಲಿ ಎರಡು ಜಿಗಣೆ. ಐದೂ ರಜೆಯ ದಿನವೂ ಕರ್ತವ್ಯಕ್ಕೆ ಹಾಜರಾಗಿದ್ದವು. ಅಕ್ಕ ಉಪ್ಪು ತಂದುಕೊಟ್ಟರು. "ಹನ್ನೊಂದು ಜನರಿಗೆ ಕಳುಹಿಸಿದ್ದರೆ ಹೀಗಾಗುತ್ತಿರಲಿಲ್ಲವೇನೋ" ಎಂದು ನನಗೆ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಕಾಫಿ ಬಂತು. ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. ಅವರು ಗಂಟಲು ಸರಿಮಾಡಿಕೊಂಡರೆಂದರೆ ಅಮೆರಿಕ ಬರುತ್ತದೆ ಎಂದು ಅರ್ಥ. ಮಗಳು ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಇವರು ಆರು ತಿಂಗಳು ಅಲ್ಲಿದ್ದು ಬಂದವರು.

"ಅಲ್ಲಿಯೂ ಇದೇ ಗೋಳು. ಮಗಳ ಶಾಲೆಯ ಪ್ರಿನ್ಸಿಪಾಲ್ ಕಳುಹಿಸುವ ಪ್ರತಿ ಇಮೇಲಿನ ಕೊನೆಗೆ ಬೈಬಲಿನ ಒಂದು ವಾಕ್ಯ. ಶೌಚಾಲಯದ ನಲ್ಲಿ ದುರಸ್ತಿಗೆ ಬರೆದ ಪತ್ರಕ್ಕೂ 'ಕರ್ತನು ನನ್ನ ಕುರುಬನು' ಎಂದು ಮುಕ್ತಾಯ. ಆದರೆ ಅಲ್ಲಿ ಜನ ಕೋರ್ಟಿಗೆ ಹೋಗುತ್ತಾರೆ. 1962ರಲ್ಲಿ ನ್ಯೂಯಾರ್ಕಿನ ಶಾಲೆಗಳ ಬೆಳಗಿನ ಪ್ರಾರ್ಥನೆ ಅವರ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಯಾವ ಪಂಗಡಕ್ಕೂ ಸೇರದ, ಎಲ್ಲರಿಗೂ ಒಗ್ಗುವಂತೆ ಬರೆದ ಪ್ರಾರ್ಥನೆ. ಬೇಡವೆಂದವರು ಹೇಳದೆ ಇರಬಹುದಿತ್ತು. ಆದರೂ ಸರ್ಕಾರ ಪ್ರಾರ್ಥನೆ ಬರೆದುಕೊಡುವುದು ತಪ್ಪು ಎಂದು ಕೋರ್ಟು ಹೇಳಿತು. ಇಂಗ್ಲಿಷಿನಲ್ಲಿ ಇಪ್ಪತ್ತೆರಡೇ ಪದ, ಗೊತ್ತೇ?"

ಗಣಿತದ ಮೇಷ್ಟ್ರು ಫೋನು ತೆಗೆದು ಅಂದಿನ ಆಂಜನೇಯನ ಕೆಳಗಿನ ಬರಹವನ್ನು ಬೆರಳಿಟ್ಟು ಎಣಿಸತೊಡಗಿದರು. "ನಮ್ಮದು ನೂರ ಎಂಟು" ಎಂದರು. ನಿಜವಾಗಿ ಅಷ್ಟೇ ಇತ್ತೋ, ಶಾಸ್ತ್ರಕ್ಕೆ ಹೊಂದಿಸಿದರೋ ತಿಳಿಯಲಿಲ್ಲ.

"2022ರಲ್ಲಿ ಇನ್ನೊಂದು ತೀರ್ಪು ಬಂತು" ಎಂದು ಹೆಡ್‌ಮಾಸ್ಟರು ಮುಂದುವರಿಸಿದರು. "ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಎಂಬ ಊರು. ಅಲ್ಲಿಯ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚು ಪ್ರತಿ ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದ. ಶಾಲೆಯವರು ಬೇಡವೆಂದರು. ನ್ಯಾಯಾಧೀಶರು ಆರಕ್ಕೆ ಮೂರರಂತೆ ಕೋಚಿನ ಪರ ನಿಂತರು. ಅದು ಅವನ ಸ್ವಂತ ಪ್ರಾರ್ಥನೆ, ನೌಕರಿಯ ಭಾಗವಲ್ಲ ಎಂದರು. ಕೋಚು ಅಲ್ಲಿ ನಿಂತರೆ ಹುಡುಗರಿಗೆ ಬಾರದಿರಲು ಆಗುತ್ತದೆಯೇ ಎಂಬುದು ಉಳಿದ ಮೂವರ ಆಕ್ಷೇಪ."

ಅಲ್ಲಿಯವರೆಗೆ ಪರೋಟದಲ್ಲಿ ಮುಳುಗಿದ್ದ ಪಿ.ಟಿ. ಮಾಸ್ಟರ್ ತಲೆ ಎತ್ತಿದರು. "ಅಂದರೆ ಸರ್, ಪಿ.ಟಿ. ಮಾಸ್ಟರರಿಗೆ ಮಾತ್ರ ವಿನಾಯಿತಿ ಇದೆ."

"ನೀನು ಏಳನೇ ಕ್ಲಾಸಿನಲ್ಲಿಯೂ ಹೀಗೆಯೇ, ಪಾಠದಲ್ಲಿ ಬೇಕಾದ ಸಾಲು ಮಾತ್ರ ಹೆಕ್ಕುತ್ತಿದ್ದೆ" ಎಂದು ಹೆಡ್‌ಮಾಸ್ಟರು ಗದರಿದರು. ಪಿ.ಟಿ. ಮಾಸ್ಟರ್ ಅವರ ಹಳೆಯ ಶಿಷ್ಯ. ಆ ಸಲಿಗೆ ಇಬ್ಬರಿಗೂ ಇದೆ. "ಅಮೆರಿಕ ಬಿಡು. ನಮ್ಮ ಸಂವಿಧಾನದ 28ನೇ ವಿಧಿ ಓದಿದ್ದೀಯಾ? ಪೂರ್ತಿ ಸರ್ಕಾರದ ಹಣದಿಂದಲೇ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು."

"ಅದು ಮಕ್ಕಳ ವಿಷಯ ಸರ್. ನಮಗೆ ಬೋಧಿಸಿದರೆ ತಾನೇ ಏನು ಅಂಟುತ್ತದೆ? ಅದೂ ಅಲ್ಲದೆ 25ನೇ ವಿಧಿ ಸಾಹೇಬರಿಗೂ ಇದೆಯಲ್ಲ, ತಮಗೆ ಬೇಕಾದ ದೇವರನ್ನು ನಂಬುವುದಕ್ಕೆ?"

ಇದನ್ನು ಕೇಳಿ ನಾನು ಬೆಚ್ಚಿದೆ. ಪಿ.ಟಿ. ಮಾಸ್ಟರರ ಬಾಯಲ್ಲಿ ವಿಧಿಯ ಸಂಖ್ಯೆ ಬರುವುದೆಂದರೆ ಕಬಡ್ಡಿಯಲ್ಲಿ ಸಂಸ್ಕೃತ ಶ್ಲೋಕ ಹೇಳಿದಂತೆ.

"ಖಂಡಿತ ಇದೆ. ಅವರ ಮನೆಯ ಗುಂಪಿನಲ್ಲಿ ಸಹಸ್ರನಾಮವನ್ನೇ ಹಾಕಲಿ. ಈ ಗುಂಪಿನ ಹೆಸರಿನಲ್ಲಿ 'ಅಧಿಕೃತ' ಎಂದಿದೆಯಲ್ಲ, ಅದಕ್ಕೇನು ಹೇಳುತ್ತೀಯಾ?"

ಪಿ.ಟಿ. ಮಾಸ್ಟರ್ ಮತ್ತೆ ಪರೋಟಕ್ಕೆ ಮರಳಿದರು.

ಹಿಂದಿ ಟೀಚರ್ ವಿರಾಜಪೇಟೆಯವರು, ಬ್ಯಾರಿ ಮುಸ್ಲಿಂ ಸಮುದಾಯದವರು. ಇಷ್ಟು ಹೊತ್ತು ಕಾಫಿಯ ಕೆನೆ ಸರಿಸುತ್ತ ಕುಳಿತಿದ್ದರು. "ನಾನು ದಿನಾ ಕೈ ಮುಗಿಯುತ್ತೇನೆ" ಎಂದರು. "ದೇವರ ಮೇಲೆ ನನಗೇನೂ ಮುನಿಸಿಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ಬಂದ ಪಕ್ಕದ ಮನೆಯವರು ತೀರ್ಥದ ಬಾಟಲಿ ಕೊಟ್ಟಿದ್ದಾರೆ, ಫ್ರಿಜ್ಜಿನ ಮೇಲೆ ಜೋಪಾನವಾಗಿ ಇಟ್ಟಿದ್ದೇನೆ. ಎಮ್ಮೆಮಾಡಿನ ದರ್ಗಾದ ಉರೂಸಿಗೆ ಅವರು ನಮ್ಮ ಜೊತೆ ಬರುತ್ತಾರೆ. ಯಾರಿಗೂ ತೊಂದರೆಯಿಲ್ಲ. ಏಕೆಂದರೆ ಪಕ್ಕದ ಮನೆಯವರು ನನ್ನ ರಜೆ ಅರ್ಜಿಗೆ ಸಹಿ ಹಾಕುವವರಲ್ಲ."

ಮೇಜಿನ ಸುತ್ತ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಇತ್ತು.

"ಹೋದ ಡಿಸೆಂಬರಿನ ಕಥೆ ಗೊತ್ತಲ್ಲ?" ಎಂದು ಅವರೇ ನೆನಪಿಸಿದರು. ವಿಜ್ಞಾನದ ಟೀಚರೊಬ್ಬರು ಕ್ರಿಸ್‌ಮಸ್ ದಿನ ತಮ್ಮ ಮನೆಯ ಗೋದಲಿಯ ಚಿತ್ರ ಹಾಕಿ, ಎಲ್ಲರಿಗೂ ಶುಭಾಶಯ ಎಂದು ಬರೆದಿದ್ದರು. ಪುಟ್ಟ ಕೊಟ್ಟಿಗೆ, ಹತ್ತಿಯ ಹಿಮ, ಮಕ್ಕಳು ಮಣ್ಣಿನಲ್ಲಿ ಮಾಡಿದ ಒಂದು ಕುರಿ, ಅದು ನೋಡಲು ಹಂದಿಯಂತೆ ಇತ್ತು. ಹತ್ತು ನಿಮಿಷಕ್ಕೆ ಸಾಹೇಬರ ಸೂಚನೆ ಬಂತು: "ಈ ಗುಂಪನ್ನು ಶೈಕ್ಷಣಿಕ ವಿಷಯಗಳಿಗೆ ಮಾತ್ರ ಬಳಸತಕ್ಕದ್ದು." ಆ ಸೂಚನೆಗೂ ಅರವತ್ತು ಜನ ಕೈ ಮುಗಿದರು. ಮರುದಿನ ಬೆಳಿಗ್ಗೆ ಐದಕ್ಕೆ ಎಂದಿನಂತೆ ದೇವರು ಬಂದ. ಸಾಹೇಬರ ಮಟ್ಟಿಗೆ ಅದು ಶೈಕ್ಷಣಿಕ ವಿಷಯ. ಅವರಲ್ಲಿ ಕೆಟ್ಟತನ ಇದೆಯೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ತಮ್ಮದು ಗಾಳಿಯ ಹಾಗೆ, ಕಾಣುವುದಿಲ್ಲ. ಬೇರೆಯವರದು ಹೊಗೆಯ ಹಾಗೆ, ತಕ್ಷಣ ಕಣ್ಣಿಗೆ ಬೀಳುತ್ತದೆ.

"ಹಾಗಾದರೆ ಸುಮ್ಮನಿದ್ದುಬಿಟ್ಟರೆ?" ಎಂದೆ.

ಹೆಡ್‌ಮಾಸ್ಟರಿಗೆ ಹುರುಪು ಬಂತು. "ಸುಮ್ಮನಿರುವುದೂ ಹಕ್ಕು! ಮಾಕುಟ್ಟ ಘಾಟಿ ಇಳಿದರೆ ಕೇರಳ. ಅಲ್ಲಿಯ ಶಾಲೆಯೊಂದರಲ್ಲಿ 1985ರಲ್ಲಿ ಒಂದೇ ಮನೆಯ ಮೂರು ಮಕ್ಕಳು, ಯೆಹೋವನ ಸಾಕ್ಷಿಗಳ ಪಂಥದವರು, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. ಮರುವರ್ಷ ನಮ್ಮ ಸುಪ್ರೀಂ ಕೋರ್ಟು, ಎದ್ದು ನಿಂತು ಮೌನವಾಗಿರುವುದು ಅಗೌರವವಲ್ಲ, ಮಕ್ಕಳನ್ನು ಮರಳಿ ಸೇರಿಸಿಕೊಳ್ಳಿ ಎಂದಿತು. ರಾಷ್ಟ್ರಗೀತೆಗೇ ಹೀಗಿರುವಾಗ ಒಂದು ಶುಭೋದಯಕ್ಕೆ ನೀವೆಲ್ಲ ಇಷ್ಟು ಅಂಜುತ್ತೀರಲ್ಲ!"

"ಹಾಗಾದರೆ ಬೆಳಿಗ್ಗೆ ಐದಕ್ಕೆ ಫೋನು ಹಿಡಿದು ಹಾಸಿಗೆಯಿಂದ ಎದ್ದು ನಿಂತರೆ ಸಾಕೇ ಸರ್?" ಎಂದರು ಗಣಿತದ ಮೇಷ್ಟ್ರು.

"ಎರಡು ನೀಲಿ ಗೆರೆ ಬಿದ್ದರೆ ಎದ್ದು ನಿಂತಂತೆಯೇ" ಎಂದು ಹಿಂದಿ ಟೀಚರ್ ತೀರ್ಪು ಕೊಟ್ಟರು.

ಗಣಿತದ ಮೇಷ್ಟ್ರು ಆ ದಿನ ಮಾತಿಗಿಂತ ಹೆಚ್ಚು ನಗುತ್ತಿದ್ದರು. ಪಿ.ಟಿ. ಮಾಸ್ಟರ್ ಪಕ್ಕೆಗೆ ತಿವಿದು, "ಹೇಳಿ ಮೇಷ್ಟ್ರೇ, ಕೈಲ್‌ಪೊಳ್ದ್ ದಿನದ್ದು ಹೇಳಿ" ಎಂದರು. ಗುಂಪಿನಲ್ಲಿ ನಾವೆಲ್ಲ ಅದನ್ನು ಕಂಡಿದ್ದೆವು, ಒಳಗಥೆ ಮಾತ್ರ ಗೊತ್ತಿರಲಿಲ್ಲ. ಮೇಷ್ಟ್ರು ಕೊಡವರು, ಇದು ಅವರ ಆಯುಧ ಪೂಜೆಯ ಹಬ್ಬ. ಈ ಸಲ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ದಿನವೇ ಏಕಾದಶಿಯೂ ಬಿದ್ದಿತ್ತು. ಸಾಹೇಬರು ಮುಂಜಾನೆಯೇ ಶೇಷಶಾಯಿಯ ಚಿತ್ರ ಹಾಕಿ, ಈ ದಿನ ಅನ್ನ ಉಂಡವರಿಗೆ ಯಾವ ಯಾವ ಜನ್ಮ ಕಾದಿದೆ ಎಂಬುದನ್ನು ವಿವರವಾಗಿ ತಿಳಿಸಿದ್ದರು. ಮೇಷ್ಟ್ರ ಮನೆಯಲ್ಲಿ ಮಧ್ಯಾಹ್ನ ನಡುಮನೆಯಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ. ಆಮೇಲೆ ಊಟ. ಆಮೇಲೆ ಸ್ವಲ್ಪ ಪಾನೀಯ. ಆಮೇಲೆ ಮೇಷ್ಟ್ರು ಕುಟುಂಬದ ಗುಂಪಿಗೆಂದು ತಟ್ಟೆಯ ಚಿತ್ರ ತೆಗೆದರು. ಬೆಳ್ಳಗೆ ಉಂಡೆಯುಂಡೆ ಅಕ್ಕಿಯ ಕಡಂಬುಟ್ಟು, ಪಕ್ಕದಲ್ಲಿ ಕಾಚಂಪುಳಿ ಎಂಬ ಹುಳಿ ಹಾಕಿ ಕರ್ರಗೆ ಮಿರುಗುವ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು. "ಎಲ್ಲರೂ ಬನ್ನಿ" ಎಂದು ಬರೆದು ಕಳುಹಿಸಿದರು. ಹೋದದ್ದು ಅಧಿಕೃತ ಗುಂಪಿಗೆ, ನೇರವಾಗಿ ಶೇಷಶಾಯಿಯ ಪಾದದಡಿಗೆ.

"ಅಳಿಸಿದೆ" ಎಂದರು ಮೇಷ್ಟ್ರು. "ಅಷ್ಟರಲ್ಲಿ ಮೂವತ್ತೇಳು ಜನ ನೋಡಿಯಾಗಿತ್ತು. ಯಾರೋ ಪುಣ್ಯಾತ್ಮರು ಅಭ್ಯಾಸಬಲದಿಂದ ಅದಕ್ಕೂ ಕೈ ಮುಗಿದಿದ್ದರು. ರಾತ್ರಿ ಹತ್ತಕ್ಕೆ ಸಾಹೇಬರ ಫೋನು ಬಂತು. ಅಮಾನತಾಯಿತು ಎಂದೇ ತಿಳಿದೆ. ಮೊದಲು ಕೆಮ್ಮಿದರು. ಆಮೇಲೆ, 'ಏನು ಮೇಷ್ಟ್ರೇ, ಎಲ್ಲರೂ ಬನ್ನಿ ಎಂದು ಬರೆದು ಅಳಿಸಿಬಿಟ್ಟಿರಿ, ಕರೆದದ್ದೋ ಕರೆಯಲಿಲ್ಲವೋ ತಿಳಿಯಲಿಲ್ಲ' ಎಂದರು."

ಹೋಟೆಲಿನವರು ತಿರುಗಿ ನೋಡುವಷ್ಟು ನಕ್ಕೆವು.

"ಮಾರನೆಯ ಭಾನುವಾರ ಬಂದರು. ಎರಡು ಸಲ ಬಡಿಸಿಕೊಂಡರು. ಊಟವಾದ ಮೇಲೆ ಧೈರ್ಯ ಮಾಡಿ ಕೇಳಿದೆ, ಸರ್, ದಿನಾ ಐದಕ್ಕೆ ಎದ್ದು ಆ ಚಿತ್ರಗಳನ್ನೆಲ್ಲ ಎಲ್ಲಿಂದ ಹುಡುಕುತ್ತೀರಿ ಎಂದು. 'ನಾನೆಲ್ಲಿ ಹುಡುಕುತ್ತೇನೆ ಮಾರಾಯರೇ! ನಮ್ಮ ಮೇಲಿನವರು ನಾಲ್ಕೂಮುಕ್ಕಾಲಿಗೆ ನಮ್ಮ ಗುಂಪಿಗೆ ಹಾಕುತ್ತಾರೆ. ಅಲ್ಲಿ ಕೈ ಮುಗಿದು ಇಲ್ಲಿಗೆ ದಾಟಿಸುತ್ತೇನೆ. ಸುತ್ತೋಲೆ ಬಂದರೆ ಕೆಳಗೆ ಕಳುಹಿಸುವುದಿಲ್ಲವೇ, ಹಾಗೆ' ಎಂದರು."

"ಅವರ ಮೇಲಿನವರಿಗೆ ಎಲ್ಲಿಂದ ಬರುತ್ತದೆಯೋ" ಎಂದು ಪಿ.ಟಿ. ಮಾಸ್ಟರ್ ಸೂರಿನ ಕಡೆ ನೋಡಿದರು.

ಅಷ್ಟರಲ್ಲಿ ಮೇಜಿನ ಮೇಲಿನ ನಾಲ್ಕು ಫೋನುಗಳೂ ಒಟ್ಟಿಗೆ ಕಿಣಿಕಿಣಿ ಎಂದವು. ಸಾಹೇಬರು, ಬೆಳಗ್ಗೆ ಹಾಕಿದ್ದ ಆಂಜನೇಯನ ಸಂಜೆಯ ಆವೃತ್ತಿಯನ್ನು ಮಧ್ಯಾಹ್ನವೇ ಹಾಕಿದ್ದರು. ಗಣಿತದ ಮೇಷ್ಟ್ರು ನನ್ನನ್ನು ನೋಡಿದರು, ನಾನು ಹಿಂದಿ ಟೀಚರನ್ನು ನೋಡಿದೆ. ಇಷ್ಟೆಲ್ಲ ಕೇಳಿದ ಮೇಲೆ ಇವತ್ತಾದರೂ ಎರಡು ನೀಲಿ ಗೆರೆಯಲ್ಲಿ ನಿಲ್ಲಿಸೋಣ ಎಂದು ಮೂವರೂ ಮಾತಿಲ್ಲದೆ ಒಪ್ಪಿ ಫೋನು ಮಗುಚಿಟ್ಟೆವು.

ಆಗ ಐದನೆಯ ಫೋನು ಹೆಡ್‌ಮಾಸ್ಟರ ಜೇಬಿನೊಳಗೆ ತಡವಾಗಿ ಕಿಣಿ ಎಂದಿತು. ಅವರು ಕನ್ನಡಕ ಹಾಕಿಕೊಂಡು ಅದನ್ನು ಹೊರತೆಗೆದು, ದೂರ ಹಿಡಿದು ನೋಡಿ, ಹೆಬ್ಬೆರಳಿನಿಂದ ಮೆಲ್ಲನೆ ಒಂದು ಜೋಡಿ ಕೈ ಒತ್ತಿದರು. ಸಾಲದೆನಿಸಿತೋ ಏನೋ, ಇನ್ನೂ ಎರಡು ಜೋಡಿ ಒತ್ತಿದರು.

"ಸರ್, ನೀವು ನಿವೃತ್ತರಲ್ಲವೇ? ಇನ್ನೂ ಗುಂಪಿನಲ್ಲಿದ್ದೀರಾ?" ಎಂದು ಹಿಂದಿ ಟೀಚರ್ ಕೇಳಿದರು.

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಬಾಕಿ ವೇತನದ ಕಡತ ಇನ್ನೂ ಅವರ ಮೇಜಿನ ಮೇಲೆಯೇ ಇದೆಯಮ್ಮಾ" ಎಂದು ಕಾಫಿಯ ಬಿಲ್ಲನ್ನು ತಮ್ಮ ಕಡೆಗೆ ಎಳೆದುಕೊಂಡರು.